ಜಪಾನೀ ಕಲಿಸುವ ಪರದೆಯೂ ಕನ್ನಡದ ಕಿವಿಯೂ

ಪರಭಾಷೆಯೊಂದನ್ನು ಕಲಿಸುವುದಕ್ಕಾಗಿ ಮಾಡಿದ ಪಾಠಗಳನ್ನೂ ಧ್ವನಿಮುದ್ರಣಗಳನ್ನೂ ಚಿತ್ರಗಳನ್ನೂ ಸಾಹಿತ್ಯದ ಪುಟದಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದು ಉಚಿತವೇ ಎಂಬ ಸಂದೇಹ ಕೆಲವು ವಾಚಕರಿಗೆ ಬರಬಹುದು. ಆದರೆ ವ್ಯಾಕರಣವಾಗಲಿ ಛಂದಸ್ಸಾಗಲಿ ನಮ್ಮಲ್ಲಿ ಸಾಹಿತ್ಯದ ಹೊರಗಿನ ವಿಷಯವೆಂದು ಎಂದೂ ಎಣಿಕೆಯಾಗಿರಲಿಲ್ಲ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದಾಗ ತನ್ನ ಸೂತ್ರಗಳಿಗೆ ಲಕ್ಷ್ಯಗಳನ್ನು ಕವಿಗಳ ಕಾವ್ಯಗಳಿಂದಲೇ ಆಯ್ದುಕೊಂಡನು. ಭಾಷೆಯ ಪಾಠವೂ ಒಂದು ರಚನೆಯೇ. ಅದರಲ್ಲಿ ಪಾತ್ರಗಳುಂಟು, ಸಂಭಾಷಣೆಯುಂಟು, ಸನ್ನಿವೇಶವುಂಟು; ಎಲ್ಲಕ್ಕಿಂತ ಹೆಚ್ಚಾಗಿ, ಕಾವ್ಯಕ್ಕೆ ಸಹೃದಯನಿರುವಂತೆ ಅದಕ್ಕೂ ಒಬ್ಬ ಕಲ್ಪಿತ ವಿದ್ಯಾರ್ಥಿಯುಂಟು. ಆ ವಿದ್ಯಾರ್ಥಿ ಯಾರು, ಯಾವ ಮಾತನ್ನು ಬಾಯಲ್ಲಿಟ್ಟುಕೊಂಡು ಅವನು ಪಾಠಕ್ಕೆ ಬರುತ್ತಾನೆಂದು ಪಾಠ ಮಾಡಿದವರು ಭಾವಿಸಿದ್ದಾರೆ ಎಂದು ವಿಚಾರಿಸುವುದು ವಿಮರ್ಶೆಯ ಕೆಲಸವೇ ಆಗಿದೆ.

ಬೆಂಗಳೂರಿನಲ್ಲಿ ಜಪಾನೀ ಭಾಷೆಯ ಕಲಿಕೆ ಈಗ ಹೊಸದಲ್ಲ. ವಿಶ್ವವಿದ್ಯಾನಿಲಯದಲ್ಲಿ ಅದರ ತರಗತಿಗಳುಂಟು, ಖಾಸಗಿ ಶಾಲೆಗಳುಂಟು. ‘ಜಪಾನ್ ಹಬ್ಬ’ ಎಂಬ ನಮ್ಮದೇ ಹೆಸರಿನ ಉತ್ಸವವೊಂದು ನಡೆದುಬಂದಿದೆ. ಜಪಾನೀ ಭಾಷಾ ಸಾಮರ್ಥ್ಯದ ಅಂತರರಾಷ್ಟ್ರೀಯ ಪರೀಕ್ಷೆಗೆ ಈ ನಗರವೂ ಒಂದು ಕೇಂದ್ರವಾಗಿದೆ. ನಗರದ ದಕ್ಷಿಣಕ್ಕೆ, ಕನಕಪುರದ ರಸ್ತೆಯಲ್ಲಿರುವ ತಲಘಟ್ಟಪುರಕ್ಕಂತೂ ಜಪಾನಿನ ನಂಟು ಬೇರೊಂದು ದಾರಿಯಿಂದ ಬಂದದ್ದು. ಅಲ್ಲಿ ರಾಜ್ಯದ ರೇಷ್ಮೆ ಸಂಶೋಧನೆ ಮತ್ತು ಅಭಿವೃದ್ಧಿ ಸಂಸ್ಥೆಯಿದೆ. 2021ರ ಜನವರಿಯಲ್ಲಿ ಮೆಟ್ರೊ ರೈಲು ಈ ಕಡೆಗೆ ಬಂದಾಗ ತಲಘಟ್ಟಪುರಕ್ಕೆ ಒಂದು ನಿಲ್ದಾಣವಾಯಿತು. ಅದರ ಮುಂದಿನದಕ್ಕೆ ‘ರೇಷ್ಮೆ ಸಂಸ್ಥೆ’ ಎಂದೇ ಹೆಸರಾಯಿತು. ಈ ನಾಡಿನ ರೇಷ್ಮೆಯ ಕತೆಯಲ್ಲಿ ಜಪಾನೀಯರು ಬಹುಕಾಲದಿಂದ ಇದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜಮ್‌ಶೇಟ್‌ಜಿ ಟಾಟಾ ಅವರು ಬೆಂಗಳೂರಿನಲ್ಲಿ ರೇಷ್ಮೆಯ ತೋಟವೊಂದನ್ನು ಹಾಕಿಸಿ ಜಪಾನಿನ ತಜ್ಞರನ್ನು ಕರೆಸಿದರು. ಆ ತೋಟದ ಹೆಸರು ಇಂದಿಗೂ ಬಸವನಗುಡಿ-ಜಯನಗರಗಳ ನಡುವಣ ಬಡಾವಣೆಯೊಂದರಲ್ಲಿ ಉಳಿದಿದೆ. ವಿಶ್ವೇಶ್ವರಯ್ಯನವರು ಜಪಾನಿಗೆ ಹೋಗಿಬಂದದ್ದು 1898ರಲ್ಲಿ. ಮತ್ತೆ 1991ರಲ್ಲಿ ಜಪಾನಿನ ಅಂತರರಾಷ್ಟ್ರೀಯ ಸಹಕಾರ ಸಂಸ್ಥೆಯ ನೆರವಿನಿಂದ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆಯಲ್ಲಿ ದ್ವಿತಳಿ ರೇಷ್ಮೆಯ ಯೋಜನೆ ಆರಂಭವಾಯಿತು.

ಇದನ್ನು ಇಲ್ಲಿ ಹೇಳುವುದಕ್ಕೆ ಕಾರಣವುಂಟು. ಆ ವಿದ್ಯೆ ನಮ್ಮ ರೈತನ ಮನೆಯನ್ನು ತಲಪಿದಾಗ ಅದು ಇಂಗ್ಲಿಷಿನಲ್ಲಿ ನಿಲ್ಲಲಿಲ್ಲ. ಹಿಪ್ಪುನೇರಳೆ, ಚಾಕಿ, ಚಂದ್ರಿಕೆ, ಹಣ್ಣಾದ ಹುಳು, ದ್ವಿತಳಿ ಗೂಡು ಎಂಬ ಮಾತುಗಳ ಒಳಕ್ಕೆ ಅದು ಬಂದು ಸೇರಿಕೊಂಡಿತು. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿಗೆ ನಿಂತ ರೈತನು ಜಪಾನಿನಿಂದ ಬಂದ ವಿದ್ಯೆಯ ಫಲವನ್ನು ಕನ್ನಡದಲ್ಲಿಯೇ ಮಾರುತ್ತಾನೆ. ಹುಳು ಸಾಕುವ ವಿದ್ಯೆಗೆ ಸಾಧ್ಯವಾದದ್ದು ಮಾತಿನ ವಿದ್ಯೆಗೆ ಏಕೆ ಸಾಧ್ಯವಾಗಿಲ್ಲ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಇಂದು ಜಪಾನೀ ಕಲಿಯುವವರ ಕೈಗೆ ಸಿಕ್ಕುವ ಬಹುಮಾಧ್ಯಮ ಪಾಠಗಳನ್ನು ಪರೀಕ್ಷಿಸಬೇಕಾಗಿದೆ.

ಮೊದಲು ಅವುಗಳ ಗುಣವನ್ನು ಹೇಳೋಣ. ಜಪಾನ್ ಫೌಂಡೇಷನ್ ಎಂಬ ಸಂಸ್ಥೆಯವರು ನಿರ್ಮಿಸಿದ ‘ಎರಿನ್’ ಪಾಠಮಾಲೆ ಇವುಗಳಲ್ಲಿ ಪ್ರಸಿದ್ಧವಾದದ್ದು. 2007ರಲ್ಲಿ ಅದು ಡಿವಿಡಿಗಳೊಡನೆ ಪುಸ್ತಕರೂಪವಾಗಿ ಬಂದಿತು. 2010ರಲ್ಲಿ ಅಂತರ್ಜಾಲಕ್ಕೆ ಏರಿತು. ಜಪಾನಿನ ಪ್ರೌಢಶಾಲೆಗೆ ಓದಲು ಬಂದ ಎರಿನ್ ಎಂಬ ಹುಡುಗಿಯೊಬ್ಬಳು ಅಲ್ಲಿಯ ಮನೆಯನ್ನೂ ಶಾಲೆಯನ್ನೂ ಬೀದಿಯನ್ನೂ ಮಾತಿನಿಂದ ಒಲಿಸಿಕೊಳ್ಳುವುದೇ ಅದರ 25 ಪಾಠಗಳ ಕಥಾವಸ್ತು. ಒಂದೇ ಪುಟ್ಟ ದೃಶ್ಯವನ್ನು ಬರಹವಿಲ್ಲದೆ ನೋಡಬಹುದು, ಕಾನಾ ಅಕ್ಷರಗಳೊಡನೆ ನೋಡಬಹುದು, ಅನುವಾದದೊಡನೆಯೂ ನೋಡಬಹುದು. ಮಾತು ಮೊದಲು, ಬರಹ ಅನಂತರ, ಸೂತ್ರ ಕಡೆಯಲ್ಲಿ ಎಂಬ ಈ ಕ್ರಮ ಸರಿಯಾದದ್ದು. ಗಮಕಿಯ ಬಾಯಿಂದ ಭಾರತವನ್ನು ಕೇಳಿದ ನಾಡಿಗೆ ಅದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಅಚ್ಚಿನ ಪುಸ್ತಕಕ್ಕೆ ಸಾಧ್ಯವಿಲ್ಲದ ಕೆಲವು ಕೆಲಸಗಳನ್ನು ಇಂಥ ಪಾಠಗಳು ನಿಜವಾಗಿಯೂ ಮಾಡುತ್ತವೆ. ಜಪಾನೀಯಲ್ಲಿ ‘ಹಶಿ’ ಎಂಬುದರ ಮೊದಲಕ್ಷರವನ್ನು ಏರಿಸಿ ನುಡಿದರೆ ಊಟದ ಕಡ್ಡಿ. ಎರಡನೆಯದನ್ನು ಏರಿಸಿದರೆ ಸೇತುವೆ. ವೇದದ ಉದಾತ್ತ ಅನುದಾತ್ತಗಳನ್ನು ಬಲ್ಲವರಿಗೆ ಈ ತತ್ತ್ವ ತಿಳಿಯುತ್ತದೆ. ಆದರೆ ತಿಳಿಯುವುದು ಬೇರೆ, ನಾಲಗೆಗೆ ಬರುವುದು ಬೇರೆ. ಅದಕ್ಕೆ ಕಿವಿ ಬೇಕು, ಕಿವಿಗೆ ಧ್ವನಿ ಬೇಕು, ಬೇಸರವಿಲ್ಲದೆ ನೂರು ಸಲ ಹೇಳುವ ಬಾಯಿ ಬೇಕು. ಆ ಬಾಯಿ ಯಂತ್ರದ್ದಾದರೆ ಅಡ್ಡಿಯಿಲ್ಲ. ಸಾಮಾಜಿಕವಾದ ಮಾತಿನಲ್ಲಿಯೂ ಹೀಗೆಯೇ. ನಾವು ಪರರ ಮುಂದೆ ‘ನಮ್ಮ ತಂದೆಯವರು ಬಂದಿದ್ದಾರೆ’ ಎಂದು ಬಹುವಚನದಲ್ಲಿ ಹೇಳುವುದು ಸಭ್ಯತೆ. ಜಪಾನೀಯನಿಗೆ ಅದು ಅಸಭ್ಯತೆ. ಪರರ ತಂದೆ ‘ಒತೋಸನ್’. ತನ್ನ ತಂದೆಯನ್ನು ಪರರೆದುರು ಬರಿಯ ‘ಚಿಚಿ’ ಎನ್ನಬೇಕು. ತನ್ನ ಕಛೇರಿಯ ಮೇಲಧಿಕಾರಿಯ ಹೆಸರನ್ನೂ ಹೊರಗಿನವರ ಮುಂದೆ ಗೌರವದ ‘ಸನ್’ ಇಲ್ಲದೆಯೇ ಹೇಳಬೇಕು. ತನ್ನವರನ್ನು ತಗ್ಗಿಸಿ ಪರರನ್ನು ಏರಿಸುವ ಈ ಮರ್ಯಾದೆಯನ್ನು ಸೂತ್ರದಿಂದ ಕಲಿಸಿದರೆ ಮರೆತುಹೋಗುತ್ತದೆ. ಯಾರು ಎಲ್ಲಿ ನಿಂತಿದ್ದಾರೆ, ಯಾರು ಎಷ್ಟು ಬಾಗುತ್ತಾರೆ ಎಂಬುದರೊಡನೆ ಕಣ್ಣಿಗೆ ಕಟ್ಟುವಂತೆ ತೋರಿಸಿದರೆ ಉಳಿಯುತ್ತದೆ. ದೃಶ್ಯದ ಬಲ ಇಲ್ಲಿದೆ.

ಇನ್ನು ದೋಷದ ಮಾತು. ಈ ಪಾಠಗಳ ಕಲ್ಪಿತ ವಿದ್ಯಾರ್ಥಿ ನಮ್ಮ ವಿದ್ಯಾರ್ಥಿಯಲ್ಲ. ‘ಎರಿನ್’ ಮಾಲೆಯಲ್ಲಿ ಕನ್ನಡವಿಲ್ಲ. ಜಪಾನಿನ ಆಕಾಶವಾಣಿಯಾದ ಎನ್‌ಎಚ್‌ಕೆಯವರ ಸುಲಭ ಜಪಾನೀ ಪಾಠಗಳು ಹಿಂದಿ, ಬಂಗಾಳಿ, ಉರ್ದು ಭಾಷೆಗಳಲ್ಲಿ ದೊರೆಯುತ್ತವೆ, ಕನ್ನಡದಲ್ಲಿ ಇಲ್ಲ. ಆದ್ದರಿಂದ ತಲಘಟ್ಟಪುರದ ಹುಡುಗಿ ಜಪಾನೀಯನ್ನು ಇಂಗ್ಲಿಷಿನ ಬಾಗಿಲಿನಿಂದ ಪ್ರವೇಶಿಸಬೇಕಾಗಿದೆ. ಇದರಿಂದ ಆಗುವ ಹಾನಿಯನ್ನು ಕೇವಲ ಅಭಿಮಾನದ ಹಾನಿಯೆಂದು ತಿಳಿಯಬಾರದು. ಅದು ಬೋಧನೆಯ ಹಾನಿ. ಇಂಗ್ಲಿಷಿನಲ್ಲಿ ಬರೆದ ಟಿಪ್ಪಣಿ ಜಪಾನೀಯಲ್ಲಿ ಏನೇನು ವಿಚಿತ್ರವೆಂದು ಹೇಳುತ್ತದೆಯೋ ಅದರಲ್ಲಿ ಬಹುಪಾಲು ಕನ್ನಡದವನಿಗೆ ವಿಚಿತ್ರವೇ ಅಲ್ಲ.

ಉದಾಹರಣೆಗಳನ್ನು ನೋಡೋಣ. ‘ಮಿಸೆ ನಿ ಇತ್ತೆ, ಗ್ಯೂನ್ಯೂ ಒ ಕತ್ತೆ, ಉಚಿ ನಿ ಕಯೆತ್ತ’ ಎಂಬುದು ಸಾಧಾರಣವಾದ ಜಪಾನೀ ವಾಕ್ಯ. ಇದನ್ನು ಪದಕ್ಕೆ ಪದವಿಟ್ಟು ಹೇಳಿದರೆ ‘ಅಂಗಡಿಗೆ ಹೋಗಿ, ಹಾಲನ್ನು ಕೊಂಡು, ಮನೆಗೆ ಮರಳಿದೆ’ ಎಂದಾಗುತ್ತದೆ. ಒಂದು ಪದದ ಸ್ಥಾನವೂ ಕದಲಲಿಲ್ಲ. ‘ನಿ’ ನಮ್ಮ ಚತುರ್ಥಿಯ ಕೆಲಸವನ್ನೂ ‘ಒ’ ದ್ವಿತೀಯೆಯ ಕೆಲಸವನ್ನೂ ಮಾಡಿದುವು. ‘ಇತ್ತೆ’, ‘ಕತ್ತೆ’ಗಳು ‘ಹೋಗಿ’, ‘ಕೊಂಡು’ಗಳಂತೆ ಮುಂದಿನ ಕ್ರಿಯೆಯನ್ನು ಕಾಯುತ್ತ ನಿಂತುವು. ‘ಕಿನೋ ಕಿತ ಹಿತೊ’ ಎಂದರೆ ‘ನಿನ್ನೆ ಬಂದ ಮನುಷ್ಯ’. ಇಂಗ್ಲಿಷಿನವನು ಇದನ್ನು ತಿಳಿಯಬೇಕಾದರೆ ತನ್ನ ವಾಕ್ಯವನ್ನು ತಲೆಕೆಳಗು ಮಾಡಬೇಕು. ಕನ್ನಡದವನು ಸುಮ್ಮನೆ ಕೇಳಿಸಿಕೊಂಡರೆ ಸಾಕು. ಆದರೆ ನಮ್ಮ ವಿದ್ಯಾರ್ಥಿ ಏನು ಮಾಡುತ್ತಾನೆ? ನೆಟ್ಟಗಿರುವ ವಾಕ್ಯವನ್ನು ಮೊದಲು ಇಂಗ್ಲಿಷಿಗಾಗಿ ತಲೆಕೆಳಗು ಮಾಡಿ, ಮತ್ತೆ ಜಪಾನೀಗಾಗಿ ನೆಟ್ಟಗೆ ಮಾಡುತ್ತಾನೆ. ಹೆಬ್ಬಾಗಿಲು ತೆರೆದಿರುವಾಗ ಹಿತ್ತಿಲ ಗೋಡೆಯನ್ನು ಹಾರುವ ಶ್ರಮವಿದು.

‘ಎರಿನ್’ ಪಾಠಗಳಲ್ಲಿ ಅಭ್ಯಾಸದ ಭಾಗವೊಂದಕ್ಕೆ ‘ಯತ್ತೆ ಮಿಯೋ’ ಎಂದು ಹೆಸರು. ಇಂಗ್ಲಿಷಿನಲ್ಲಿ ಇದನ್ನು ‘ಪ್ರಯತ್ನಿಸೋಣ’ ಎಂಬ ಅರ್ಥದಲ್ಲಿ ಹೇಳಬೇಕಾಗುತ್ತದೆ. ಮೂಲದಲ್ಲಿರುವುದಾದರೋ ‘ಮಾಡಿ ನೋಡೋಣ’ ಎಂದೇ. ನೋಡುವುದು ಎಂಬ ಕ್ರಿಯೆಯನ್ನು ಪ್ರಯತ್ನದ ಅರ್ಥದಲ್ಲಿ ಇನ್ನೊಂದು ಕ್ರಿಯೆಯ ಬೆನ್ನಿಗೆ ಹಚ್ಚುವ ಜಾಣತನ ಆ ಭಾಷೆಗೂ ಉಂಟು, ನಮ್ಮದಕ್ಕೂ ಉಂಟು. ‘ಕಯ್ತೆ ಒಕು’ ಎಂದರೆ ‘ಬರೆದಿಡು’. ‘ತಬೆತೆ ಶಿಮಉ’ ಎಂದರೆ ‘ತಿಂದುಬಿಡು’. ಇಡು, ಬಿಡು, ನೋಡು ಎಂಬ ಸಹಾಯಕ ಕ್ರಿಯೆಗಳಲ್ಲಿ ಎಷ್ಟು ಲೋಕವ್ಯವಹಾರ ಅಡಗಿದೆಯೆಂಬುದನ್ನು ಕನ್ನಡದ ಮಗು ಶಾಲೆಗೆ ಸೇರುವ ಮುನ್ನವೇ ಬಲ್ಲದು. ಇಷ್ಟು ಮೂಲಧನವನ್ನು ಮನೆಯಲ್ಲಿಟ್ಟುಕೊಂಡ ವಿದ್ಯಾರ್ಥಿಯನ್ನು ಪಾಠವು ಬರಿಗೈಯವನೆಂದು ಎಣಿಸಿ ಸಾಲಕ್ಕೆ ಕಳುಹಿಸುತ್ತದೆ.

ಧ್ವನಿಯ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಜಪಾನೀಯಲ್ಲಿ ‘ಕಿತೆ’ ಎಂದರೆ ‘ಬಂದು’, ‘ಕಿತ್ತೆ’ ಎಂದರೆ ಅಂಚೆಯ ಚೀಟಿ. ‘ಒಬಸನ್’ ಎಂದರೆ ಅತ್ತೆ ಅಥವಾ ಚಿಕ್ಕಮ್ಮ, ‘ಒಬಾಸನ್’ ಎಂದರೆ ಅಜ್ಜಿ. ಇಂಗ್ಲಿಷ್ ಮಾತಿನವರಿಗೆ ಈ ವ್ಯತ್ಯಾಸ ಕಿವಿಗೆ ಬೀಳುವುದಕ್ಕೇ ಬಹಳ ಅಭ್ಯಾಸ ಬೇಕು. ಅದಕ್ಕಾಗಿಯೇ ಪಾಠಗಳಲ್ಲಿ ಬೇರೆ ಅಭ್ಯಾಸಗಳಿರುತ್ತವೆ. ಕತೆಗೂ ಕತ್ತೆಗೂ, ಬಳೆಗೂ ಬಾಳೆಗೂ ಇರುವ ಅಂತರವನ್ನು ಬಲ್ಲ ಕನ್ನಡದ ಕಿವಿಗೆ ಅದು ಆಟ. ಹೀಗಿದ್ದೂ ಆರಂಭದ ಪಾಠಗಳಲ್ಲಿ ರೋಮನ್ ಲಿಪಿಯನ್ನು ಆಶ್ರಯಿಸಿ, ದೀರ್ಘಕ್ಕೆ ಮೇಲೊಂದು ಗೆರೆಯೆಳೆದು, ಆ ಗೆರೆಯನ್ನು ಓದುಗರು ಮರೆಯುವುದನ್ನು ಕಂಡು ನಿಟ್ಟುಸಿರು ಬಿಡುತ್ತೇವೆ. ಎ-ಏ, ಒ-ಓಗಳ ಭೇದ ದೇವನಾಗರಿಯಲ್ಲಿ ಸಹಜವಾಗಿ ಇಲ್ಲ; ಜಪಾನೀಯಲ್ಲಿ ಆ ಭೇದವುಂಟು, ಕನ್ನಡ ಲಿಪಿಯಲ್ಲಿಯೂ ಉಂಟು. ‘ತ್ಸು’ ಮುಂತಾದ ಕೆಲವು ಧ್ವನಿಗಳಿಗೆ ಮಾತ್ರ ನಾವು ಸ್ವಲ್ಪ ಹೊಂದಿಸಿಕೊಳ್ಳಬೇಕು.

ತರಗತಿಯಲ್ಲಿ ಛಂದಸ್ಸನ್ನು ಕಲಿಸುವವರಿಗೆ ಇನ್ನೊಂದು ಸಂಗತಿ ಹಿಡಿಸೀತು. ಜಪಾನೀ ಮಾತು ನಡೆಯುವುದು ಮಾತ್ರೆಯ ಲೆಕ್ಕದ ಮೇಲೆ. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು. ಒತ್ತಕ್ಷರದ ಮೊದಲರ್ಧಕ್ಕೆ ಒಂದು. ಕೊನೆಯ ನಕಾರಕ್ಕೂ ಒಂದು. ‘ನಿಪ್ಪೊನ್’ ಎಂಬುದು ಅವರ ಎಣಿಕೆಯಲ್ಲಿ ನಾಲ್ಕು ಮಾತ್ರೆ. ನಮ್ಮ ಪ್ರಸ್ತಾರದಲ್ಲಿ ಅದು ಗುರು ಗುರು, ಎಂದರೆ ನಾಲ್ಕೇ. ‘ತೋಕ್ಯೋ’ ಕೂಡ ಹಾಗೆಯೇ. ಹೈಕುವಿನ ಐದು-ಏಳು-ಐದು ಎಂಬುದು ಇಂಥ ಮಾತ್ರೆಗಳ ಎಣಿಕೆಯೇ ಹೊರತು ಇಂಗ್ಲಿಷ್ ಪುಸ್ತಕಗಳಿಂದ ನಾವು ಕಲಿತುಕೊಂಡ ‘ಸಿಲಬಲ್’ಗಳ ಎಣಿಕೆಯಲ್ಲ. ಕನ್ನಡದಲ್ಲಿ ಹದಿನೇಳು ಅಕ್ಷರಗಳನ್ನು ಎಣಿಸಿ ಹೈಕು ಬರೆದವರು ಮೂಲದ ಲಯವನ್ನು ತಪ್ಪು ಬಾಗಿಲಿನಿಂದ ಕೇಳಿದವರೆಂದೇ ಹೇಳಬೇಕು. ಷಟ್ಪದಿಯನ್ನು ಮಾತ್ರೆಯಿಂದ ಅಳೆಯಬಲ್ಲ ಭಾಷೆಗೆ ಹೀಗಾಗಬೇಕಾಗಿರಲಿಲ್ಲ.

ಅಕ್ಷರಮಾಲೆಯ ಸಂಗತಿ ಮತ್ತೂ ಸ್ವಾರಸ್ಯವಾದದ್ದು. ಜಪಾನಿನ ಕಾನಾ ಅಕ್ಷರಗಳ ಪಟ್ಟಿ ಅ, ಕ, ಸ, ತ, ನ, ಹ, ಮ, ಯ, ರ, ವ ಎಂಬ ಕ್ರಮದಲ್ಲಿದೆ. ಬೌದ್ಧ ಭಿಕ್ಷುಗಳ ಮೂಲಕ ಅಲ್ಲಿಗೆ ಹೋದ ಸಂಸ್ಕೃತ ವರ್ಣಮಾಲೆಯ ಜ್ಞಾನವೇ ಈ ಕ್ರಮಕ್ಕೆ ಮೂಲವೆಂದು ವಿದ್ವಾಂಸರು ಒಪ್ಪಿದ್ದಾರೆ. ಆದರೆ ತವರ್ಗದ ತರುವಾಯ, ಮಕಾರಕ್ಕೆ ಮುಂಚೆ, ಪಕಾರವಿರಬೇಕಾದಲ್ಲಿ ಹಕಾರವೇಕೆ ಬಂದಿತು? ಹಳೆಯ ಜಪಾನೀಯಲ್ಲಿ ಅದು ಪಕಾರವೇ ಆಗಿತ್ತು, ಕಾಲಕ್ರಮದಲ್ಲಿ ಹಕಾರವಾಯಿತು. ಆದುದರಿಂದಲೇ ಇಂದಿಗೂ ಅವರು ‘ಹ’ ಅಕ್ಷರಕ್ಕೆ ಎರಡು ಗೀಟುಗಳನ್ನು ಹಾಕಿದರೆ ‘ಬ’ ಆಗುತ್ತದೆ, ಸಣ್ಣದೊಂದು ಸೊನ್ನೆಯನ್ನು ಹಾಕಿದರೆ ‘ಪ’ ಆಗುತ್ತದೆ. ಇಂಗ್ಲಿಷ್ ಟಿಪ್ಪಣಿಯನ್ನು ಓದುವವನು ಇದನ್ನು ನಿಯಮವೆಂದು ಉರುಹೊಡೆಯಬೇಕು. ಪಾಲ್ ಹಾಲಾದದ್ದನ್ನೂ ಪೂ ಹೂವಾದದ್ದನ್ನೂ ಹಳಗನ್ನಡದ ಪಾಠದಲ್ಲಿ ಓದಿದವನು ನಕ್ಕು, ಇದು ನಮ್ಮ ಮನೆಯಲ್ಲಿಯೂ ನಡೆದದ್ದೇ ಎನ್ನುತ್ತಾನೆ.

ಇಷ್ಟರಿಂದ ಕನ್ನಡವೂ ಜಪಾನೀಯೂ ಒಂದೇ ಬಳ್ಳಿಯ ಕಾಯಿಗಳೆಂದು ಯಾರೂ ಭಾವಿಸಬಾರದು. ಜಪಾನಿನ ವಿದ್ವಾಂಸರಾದ ಸುಸುಮು ಓನೊ ಅವರು ತಮಿಳಿಗೂ ಜಪಾನೀಗೂ ಸಂಬಂಧವನ್ನು ಕಲ್ಪಿಸಿ ಬಹುಕಾಲ ವಾದಿಸಿದರು. ಭಾಷಾಶಾಸ್ತ್ರಜ್ಞರಲ್ಲಿ ಹೆಚ್ಚಿನವರು ಅದನ್ನು ಒಪ್ಪಲಿಲ್ಲ. ಹೋಲಿಕೆ ಬೇರೆ, ರಕ್ತಸಂಬಂಧ ಬೇರೆ. ಹೋಲಿಕೆಯೂ ಎಲ್ಲ ಕಡೆ ಇಲ್ಲ. ಕನ್ನಡದ ಕ್ರಿಯಾಪದ ಕರ್ತೃವನ್ನು ತನ್ನ ಬಾಲದಲ್ಲಿ ಕಟ್ಟಿಕೊಂಡಿರುತ್ತದೆ: ಹೋಗುತ್ತೇನೆ, ಹೋಗುತ್ತಾಳೆ, ಹೋಗುತ್ತಾರೆ. ಜಪಾನೀಯ ‘ಇಕಿಮಸು’ ಎಂಬುದರಲ್ಲಿ ನಾನೂ ಇರಬಹುದು, ಅವಳೂ ಇರಬಹುದು, ಸಂದರ್ಭವೇ ಗತಿ. ‘ವ’, ‘ಗ’ ಎಂಬ ಎರಡು ಪ್ರತ್ಯಯಗಳ ಸೂಕ್ಷ್ಮಕ್ಕೆ ಸರಿಸಮನಾದದ್ದು ನಮ್ಮಲ್ಲಿಲ್ಲ. ಕೊಡುವುದಕ್ಕೆ ಅವರಲ್ಲಿ ‘ನನಗೆ ಕೊಡು’ವುದು ಒಂದು ಕ್ರಿಯೆ, ‘ಪರರಿಗೆ ಕೊಡು’ವುದು ಇನ್ನೊಂದು. ಇಂದಿನ ಕನ್ನಡದವನಿಗೆ ಇದು ತೊಡಕು. ಆದರೆ ನನಗೆ, ನಿನಗೆ ಎಂಬಲ್ಲಿ ‘ತರುಕ’ ಎಂದೂ ಅವನಿಗೆ ಎಂಬಲ್ಲಿ ‘ಕೊಡುಕ್ಕುಕ’ ಎಂದೂ ಹೇಳುವ ಮಲೆಯಾಳವನ್ನು ಕೇಳಿ ಬೆಳೆದ ಕಾಸರಗೋಡಿನ ಕನ್ನಡಿಗನಿಗೆ ಅಷ್ಟು ತೊಡಕಾಗದು. ಕನ್ನಡದಲ್ಲಿ ಬರೆದ ಟಿಪ್ಪಣಿ ಇರಬೇಕೆನ್ನುವುದು ಇದಕ್ಕಾಗಿಯೇ. ಎಲ್ಲಿ ನಂಬಬಹುದು, ಎಲ್ಲಿ ಎಚ್ಚರವಾಗಿರಬೇಕು ಎಂಬುದನ್ನು ಆ ಟಿಪ್ಪಣಿಯೊಂದೇ ಹೇಳಬಲ್ಲದು. ತಂದೆಯನ್ನು ಬಹುವಚನದಲ್ಲಿ ಹೇಳಿ ಕೆಡುವವನು ಕನ್ನಡಿಗ; ಇಂಗ್ಲಿಷಿನ ಟಿಪ್ಪಣಿಕಾರನಿಗೆ ಆ ಹಳ್ಳ ಅಲ್ಲಿದೆಯೆಂದು ಗೊತ್ತೇ ಇಲ್ಲ.

ಇನ್ನೊಂದು ಆಕ್ಷೇಪ ಈ ಪದ್ಧತಿಯ ಮೂಲಕ್ಕೇ ಸೇರಿದ್ದು. ಧ್ವನಿಯನ್ನು ಮುದ್ರಿಸಿ, ಕೇಳಿಸಿ, ಮತ್ತೆ ಹೇಳಿಸುವ ಭಾಷಾ ಪ್ರಯೋಗಶಾಲೆಗಳು ಹಿಂದಿನ ಶತಮಾನದ ಐವತ್ತು ಅರವತ್ತರ ದಶಕಗಳಲ್ಲಿ ಬಹಳ ಪ್ರಚಾರಕ್ಕೆ ಬಂದುವು. ಅನುಕರಣೆಯಿಂದ ಅಭ್ಯಾಸ, ಅಭ್ಯಾಸದಿಂದ ಭಾಷೆ ಎಂಬ ನಂಬಿಕೆ ಅವುಗಳ ತಳಹದಿಯಾಗಿತ್ತು. 1959ರಲ್ಲಿ ನೋಮ್ ಚಾಮ್‌ಸ್ಕಿ ಅವರು ಸ್ಕಿನ್ನರ್ ಅವರ ಪುಸ್ತಕವನ್ನು ವಿಮರ್ಶಿಸಿ, ಮನುಷ್ಯನು ಕೇಳಿದ್ದನ್ನಷ್ಟೇ ಹೇಳುವ ಗಿಣಿಯಲ್ಲ, ಎಂದೂ ಕೇಳದ ವಾಕ್ಯವನ್ನು ಕಟ್ಟಬಲ್ಲವನು ಎಂದು ಆ ತಳಹದಿಯನ್ನು ಅಲುಗಿಸಿದರು. ಇಂದಿನ ಪರದೆ ಅಂದಿನ ಟೇಪಿಗಿಂತ ಚೆಲುವಾದದ್ದು. ಆದರೆ ಅಪಾಯ ಅದೇ. ಪರದೆಯ ಮೇಲಿನ ಹುಡುಗಿ ಪ್ರಶ್ನೆ ಕೇಳುತ್ತಾಳೆ. ನಮ್ಮ ಉತ್ತರವನ್ನು ಕೇಳದೆಯೇ ಮುಗುಳ್ನಗುತ್ತಾಳೆ. ಮೇಲಾಗಿ, ನಮ್ಮ ವಿದ್ಯಾರ್ಥಿಗಳು ಗುರಿಯಾಗಿಟ್ಟುಕೊಂಡಿರುವ ಸಾಮರ್ಥ್ಯ ಪರೀಕ್ಷೆಯ ಐದು ಹಂತಗಳಲ್ಲಿ ಒಂದರಲ್ಲಿಯೂ ಮಾತನಾಡುವ ಪರೀಕ್ಷೆಯಿಲ್ಲ. ಓದಿ, ಕೇಳಿ, ಸರಿಯಾದ ಉತ್ತರಕ್ಕೆ ಗುರುತು ಹಾಕಿದರೆ ಮುಗಿಯಿತು. ಉತ್ತರವನ್ನು ಕೇಳದ ಪರದೆ, ಮಾತನ್ನು ಕೇಳದ ಪರೀಕ್ಷೆ, ಇವೆರಡರ ನಡುವೆ ಪ್ರಮಾಣಪತ್ರವುಳ್ಳ ಮೂಕರು ತಯಾರಾದರೆ ಆಶ್ಚರ್ಯವಿಲ್ಲ. ಎದುರು ಕುಳಿತ ಉಪಾಧ್ಯಾಯರ ಸ್ಥಾನವನ್ನು ಯಾವ ಯಂತ್ರವೂ ತುಂಬಲಾರದೆಂಬ ಹಳೆಯ ಮಾತನ್ನು ಇಲ್ಲಿ ಮತ್ತೆ ಹೇಳಬೇಕಾಗಿದೆ.

ಇದೆಲ್ಲ ಪಂಡಿತರ ಚರ್ಚೆಯಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಜಪಾನು 2019ರ ಏಪ್ರಿಲಿನಲ್ಲಿ ಹೊರದೇಶದ ಕುಶಲ ಕೆಲಸಗಾರರಿಗಾಗಿ ಹೊಸ ವೀಸಾ ವ್ಯವಸ್ಥೆಯನ್ನು ತಂದಿತು. 2021ರ ಜನವರಿಯಲ್ಲಿ ಭಾರತದೊಡನೆ ಅದಕ್ಕೆ ಒಡಂಬಡಿಕೆಯಾಯಿತು. ವೃದ್ಧರ ಶುಶ್ರೂಷೆಯೂ ಆ ಕೆಲಸಗಳಲ್ಲಿ ಒಂದು. ಹಾಸಿಗೆ ಹಿಡಿದ ಮುದುಕಿ ತನಗೆ ಎಲ್ಲಿ ನೋವು, ಎಂಥ ನೋವು ಎಂದು ಮೆಲ್ಲನೆ ಹೇಳಿದಾಗ ಅರಿಯಬೇಕಾದವಳು ಪರೀಕ್ಷೆಯ ಗುರುತಿನಿಂದ ಅರಿಯಲಾರಳು. ಇತ್ತ ಬಿಡದಿಯಲ್ಲಿ ಜಪಾನೀ ಕಂಪನಿಯ ಮೋಟಾರು ಕಾರ್ಖಾನೆಯಿದೆ. 2007ರಿಂದ ಅಲ್ಲಿ ನಮ್ಮ ಹಳ್ಳಿಗಳ ಮಕ್ಕಳಿಗಾಗಿ ತಾಂತ್ರಿಕ ಶಾಲೆಯೂ ನಡೆಯುತ್ತಿದೆ. ಕನಕಪುರದಿಂದಲೋ ಹಾರೋಹಳ್ಳಿಯಿಂದಲೋ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಹುಡುಗನಿಗೆ ಜಪಾನೀ ಕಲಿಯಬೇಕೆಂಬ ಆಸೆ ಹುಟ್ಟಿದರೆ, ಮೊದಲು ಇಂಗ್ಲಿಷ್ ಕಲಿತು ಬಾ ಎಂದು ಹೇಳುವುದು ನ್ಯಾಯವಲ್ಲ. ಆ ಭಾಷೆಯ ವಾಕ್ಯವನ್ನು ನಗರದ ಇಂಗ್ಲಿಷ್ ಹುಡುಗನಿಗಿಂತ ಬೇಗ ಹಿಡಿಯಬಲ್ಲವನು ಅವನೇ ಎಂಬಾಗ, ಅದು ಅನ್ಯಾಯ ಮಾತ್ರವಲ್ಲ, ಅವಿವೇಕವೂ ಹೌದು.

ಸಾಹಿತ್ಯದ ನಷ್ಟವೂ ಸಣ್ಣದಲ್ಲ. ಜಪಾನಿನ ಕತೆ ಕವಿತೆಗಳು ಕನ್ನಡಕ್ಕೆ ಬಂದದ್ದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ. ನೆಟ್ಟಗಿದ್ದ ವಾಕ್ಯ ಅಲ್ಲಿ ಮುರಿದು, ಇಲ್ಲಿಗೆ ಬರುವಾಗ ಮತ್ತೆ ಬೆಸುಗೆಯಾಗುತ್ತದೆ. ಬೆಸುಗೆಯ ಗುರುತು ಉಳಿಯುತ್ತದೆ. ಮೂಲದಿಂದ ನೇರವಾಗಿ ತರಬಲ್ಲ ಹತ್ತು ಮಂದಿ ಕನ್ನಡಿಗರು ಸಿದ್ಧರಾದರೂ ನಮ್ಮ ಗದ್ಯಕ್ಕೆ ಹೊಸ ನಡೆಯೊಂದು ಸಿಕ್ಕೀತು.

ಮಾಡಬೇಕಾದದ್ದು ಅಸಾಧ್ಯವೇನೂ ಅಲ್ಲ. 1998ರಲ್ಲಿ ಬಂದು ಲೋಕಪ್ರಸಿದ್ಧವಾದ ‘ಮಿನ್ನ ನೊ ನಿಹೊಂಗೊ’ ಪಠ್ಯದಲ್ಲಿ ಮೂಲಪಾಠ ಪೂರ್ತಿ ಜಪಾನೀಯಲ್ಲಿರುತ್ತದೆ. ಅನುವಾದವೂ ವ್ಯಾಕರಣದ ವಿವರಣೆಯೂ ಬೇರೆ ಬೇರೆ ಭಾಷೆಗಳಲ್ಲಿ ಪ್ರತ್ಯೇಕ ಪುಸ್ತಕವಾಗಿರುತ್ತವೆ. ಇಂಥ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಸ್ಥಳ ಕಾದಿದೆ. ಧ್ವನಿ ಜಪಾನೀಯರದೇ ಇರಲಿ, ದೃಶ್ಯ ಜಪಾನಿನದೇ ಇರಲಿ. ವಿವರಣೆ ಮಾತ್ರ ಕನ್ನಡದ್ದಾಗಲಿ, ಅದೂ ಇಂಗ್ಲಿಷ್ ಟಿಪ್ಪಣಿಯ ಅನುವಾದವಾಗದೆ ಕನ್ನಡದ ಕಿವಿಯಿಂದ ಹೊಸದಾಗಿ ಕೇಳಿ ಬರೆದದ್ದಾಗಲಿ. ಭಾರತೀಯ ಭಾಷೆಗಳ ಬೆಳವಣಿಗೆಗಾಗಿ 1969ರಲ್ಲಿ ಹುಟ್ಟಿದ ಭಾರತೀಯ ಭಾಷಾ ಸಂಸ್ಥಾನ ಮೈಸೂರಿನಲ್ಲಿದೆ. ಜಪಾನೀ ಕಲಿಸುವವರು ಬೆಂಗಳೂರಿನಲ್ಲಿದ್ದಾರೆ. ವ್ಯಾಕರಣವನ್ನೂ ಛಂದಸ್ಸನ್ನೂ ಬಲ್ಲ ಕನ್ನಡದ ಉಪಾಧ್ಯಾಯರು ಊರೂರಿನಲ್ಲಿದ್ದಾರೆ. ಈ ಮೂವರನ್ನು ಒಂದು ಮೇಜಿನ ಸುತ್ತ ಕೂರಿಸುವ ಕೆಲಸವೊಂದು ಉಳಿದಿದೆ. ಅದಾಗುವವರೆಗೆ ಈ ಪಾಠಗಳು ಚೆಲುವಾದ ಕೃತಿಗಳಾಗಿಯೇ ಇರುತ್ತವೆ. ನಮಗಾಗಿ ಬರೆದ ಕೃತಿಗಳಾಗಿರುವುದಿಲ್ಲ.